ಗುಜರಿಗೆ ಹಾಕುವ ಮುನ್ನ ಒಂದು ಪೆನ್‌ಡ್ರೈವ್

ಗುಂಡ್ಲುಪೇಟೆಯಿಂದ ಹೊರಟ ಬಸ್ಸು ಬಂಡೀಪುರದ ಕಾಡಿನಲ್ಲಿ ಸಾಗಿ ಮೂಲೆಹೊಳೆ ದಾಟಿದರೆ ವಯನಾಡು. ಅಲ್ಲಿನ ಸರಕಾರಿ ಪ್ರೌಢಶಾಲೆಯ ಮಕ್ಕಳು ಗಣಕ ಕಲಿಯುವುದು ವಿಂಡೋಸ್‌ನಲ್ಲಿ ಅಲ್ಲ, ಲಿನಕ್ಸ್‌ನಲ್ಲಿ. 2001ರಲ್ಲಿ ಶಾಲೆಗಳಿಗೆ ಗಣಕ ಶಿಕ್ಷಣ ತಂದ ಕೇರಳ, ಕೆಲವೇ ವರ್ಷಗಳಲ್ಲಿ ಅದನ್ನು ಮುಕ್ತ ತಂತ್ರಾಂಶಕ್ಕೆ ಒಗ್ಗಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಇದೇ ಪಾಠ. ಕಾಡಿನ ಈಚೆ ಬದಿಯ ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಮಾತ್ರ ಲಿನಕ್ಸ್ ಎಂದರೆ ‘ಅದೆಲ್ಲ ಎಂಜಿನಿಯರಿಂಗ್ ಓದೋರಿಗೆ’ ಎನ್ನುವವರೇ ಹೆಚ್ಚು.

ಆ ಮಾತನ್ನು ಬದಿಗಿಡುವ ಸಂದರ್ಭ ಈಗ ಬಂದಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ತನ್ನ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನದೋ ನಂತರದ್ದೋ ಆಗಿರಬೇಕು. ಅಣ್ಣ ಓದುವಾಗ ಕೊಂಡ ಲ್ಯಾಪ್‌ಟಾಪ್ ತಂಗಿಯ ಕೈಗೆ ಬಂದಿರುವ ಮನೆಗಳಲ್ಲಿ ಇದೇ ತಲೆನೋವು. ಅರಿಶಿನದ ಬೆಲೆ ನೋಡಿಕೊಂಡು ಮಗಳ ಕಾಲೇಜು ಫೀಸು ಹೊಂದಿಸುವ ತಂದೆಗೆ ಇನ್ನೊಂದು ಲ್ಯಾಪ್‌ಟಾಪ್ ಸಣ್ಣ ಖರ್ಚೇ?

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಆರಂಭಿಸಿದ್ದು ಲಿನಕ್ಸ್. ಇದರ ಮೂಲ ಬರಹ ಎಲ್ಲರಿಗೂ ತೆರೆದದ್ದು. ಯಾರೂ ತಿದ್ದಬಹುದು, ಹಂಚಬಹುದು. ಉಬುಂಟು, ಡೆಬಿಯನ್, ಮಿಂಟ್ ಎಲ್ಲ ಇದೇ ವಂಶದವು. ವಿಂಡೋಸ್ ಬಳಸಿ ರೂಢಿಯಾದವರಿಗೆ ನನ್ನ ಸಲಹೆ ಮಿಂಟ್. ಅದಕ್ಕೆ 2 ಜಿಬಿ ರ‍್ಯಾಮ್ ಸಾಕು ಎನ್ನುತ್ತಾರೆ. ನೆಮ್ಮದಿಯಾಗಿ ಕೆಲಸ ಮಾಡಲು 4 ಜಿಬಿ ಇರಲಿ.

ಗಣಕದ ಗುಂಡಿ ಒತ್ತಿದಾಗ ಮೊದಲು ಎಚ್ಚರವಾಗುವುದು ಒಳಗಿನ ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶ. ಅದು ಬೀಗದ ಕೈ ಹಿಡಿದ ಕಾವಲುಗಾರನಂತೆ. ಕಾರ್ಯಾಚರಣ ವ್ಯವಸ್ಥೆ ಯಾವ ಡಿಸ್ಕಿನಲ್ಲಿದೆ ಎಂದು ಹುಡುಕಿ, ಸಿಕ್ಕಿದ ಕೂಡಲೇ ಕೀಲಿಯನ್ನು ಅದರ ಕೈಗೊಪ್ಪಿಸುತ್ತದೆ. ಇದೇ ಬೂಟ್ ಆಗುವುದು. ಕಾವಲುಗಾರನಿಗೆ ‘ಇವತ್ತು ಡಿಸ್ಕ್ ಬೇಡ, ಪೆನ್‌ಡ್ರೈವ್ ನೋಡಪ್ಪ’ ಎಂದು ಹೇಳಲು ಬರುತ್ತದೆ. ಗಣಕ ಶುರುವಾಗುವಾಗ ಎಫ್ 12, ಎಫ್ 9 ಅಥವಾ ಎಸ್ಕೇಪ್ ಕೀಲಿ ಒತ್ತಬೇಕು; ಯಾವುದೆಂಬುದು ತಯಾರಕರನ್ನು ಅವಲಂಬಿಸಿದೆ.

ಮಿಂಟ್‌ನ ತಾಣದಿಂದ ಸುಮಾರು 3 ಜಿಬಿಯ ಐಎಸ್‌ಒ ಕಡತ ಇಳಿಸಿಕೊಳ್ಳಿ. ಅದನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗದು. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಬರೆಯಬೇಕು. 8 ಜಿಬಿಯ ಪೆನ್‌ಡ್ರೈವ್ ಸಾಕು, ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ವೆಂಟಾಯ್ ಎಂಬ ಇನ್ನೊಂದು ಸಾಧನವಿದೆ. ಅದನ್ನು ಒಮ್ಮೆ ಪೆನ್‌ಡ್ರೈವ್‌ಗೆ ಹಾಕಿಟ್ಟರೆ ಮುಂದೆ ಎಷ್ಟು ಐಎಸ್‌ಒ ಕಡತ ಬೇಕಾದರೂ ಹಾಗೆಯೇ ಕಾಪಿ ಮಾಡಿ, ಬೂಟ್ ಆಗುವಾಗ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಗೆಳೆಯರ ಗುಂಪಿಗೆ ಇದೇ ಅನುಕೂಲ.

ಇನ್ನು ಸ್ವಾರಸ್ಯದ ಮಾತು. ಪೆನ್‌ಡ್ರೈವ್‌ನಿಂದ ಬೂಟ್ ಆದ ಲಿನಕ್ಸ್, ಡಿಸ್ಕನ್ನು ಮುಟ್ಟದೆಯೇ ಓಡುತ್ತದೆ. ವೈಫೈ ಸಿಗುತ್ತದೆಯೇ, ಸದ್ದು ಬರುತ್ತದೆಯೇ, ಮನೆಯ ಪ್ರಿಂಟರ್ ಒಗ್ಗುತ್ತದೆಯೇ ಎಂದು ನಾಲ್ಕು ದಿನ ಪರೀಕ್ಷಿಸಿ. ಹಿಡಿಸಲಿಲ್ಲವೇ? ಪೆನ್‌ಡ್ರೈವ್ ಕಿತ್ತರಾಯಿತು, ವಿಂಡೋಸ್ ಇದ್ದಲ್ಲೇ ಇರುತ್ತದೆ.

ಅಪಾಯವಿರುವುದು ‘ಇನ್‌ಸ್ಟಾಲ್’ ಒತ್ತಿದ ಮೇಲೆ. ‘ಡಿಸ್ಕ್ ಅಳಿಸಿ ಹಾಕು’ ಎಂಬ ಆಯ್ಕೆಯನ್ನು ಓದದೆ ಒತ್ತಿ, ಮನೆಯ ಮದುವೆಯ ಫೋಟೋಗಳನ್ನೆಲ್ಲ ಕಳೆದವನು ನಾನೇ. ಅಮ್ಮ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಮೊದಲು ಅಂಕಪಟ್ಟಿ, ಫೋಟೋ, ಪ್ರಾಜೆಕ್ಟ್ ಎಲ್ಲವನ್ನೂ ಬೇರೊಂದು ಡ್ರೈವ್‌ಗೆ ಹಾಕಿ, ತೆರೆದು ನೋಡಿ, ಆಮೇಲೆ ಕೈಹಾಕಿ.

ಬಿ.ಕಾಂ. ವಿದ್ಯಾರ್ಥಿಗಳು ಟ್ಯಾಲಿಗಾಗಿ, ಆಟೋಕ್ಯಾಡ್ ಕಲಿಯುವವರು ಅದಕ್ಕಾಗಿ ವಿಂಡೋಸ್ ಉಳಿಸಿಕೊಳ್ಳುವುದು ಲೇಸು. ಡಿಸ್ಕಿನಲ್ಲಿ ಜಾಗವಿದ್ದರೆ ಎರಡನ್ನೂ ಅಕ್ಕಪಕ್ಕ ಇರಿಸಬಹುದು. ಪತ್ರ, ಲೆಕ್ಕ, ಸೆಮಿನಾರಿನ ಸ್ಲೈಡುಗಳಿಗೆ ಮಿಂಟ್‌ನೊಂದಿಗೇ ಬರುವ ಲಿಬ್ರೆಆಫೀಸ್ ಸಾಲುತ್ತದೆ. ಕನ್ನಡ ಟೈಪಿಸಲು ಕೀಲಿಮಣೆಯ ಪಟ್ಟಿಯಲ್ಲಿ ‘ಕಗಪ’ ಆರಿಸಿ. ನುಡಿಯಲ್ಲಿ ಬೆರಳು ಪಳಗಿದ್ದರೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇರದು. ನುಡಿಯ ಹಳೆಯ ಫಾಂಟಿನ ಕಡತಗಳನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆಗಿದ್ದರೆ ಇನ್ನೊಂದು ಎಚ್ಚರಿಕೆ: ಕರೆಂಟ್ ಹೋಗುವ ಹೊತ್ತು ಯಾವುದೆಂದು ಕೇಳಿಕೊಂಡು ಇನ್‌ಸ್ಟಾಲ್‌ಗೆ ಕೂರಿ.