ಸತ್ಯವೇದದಿಂದ ಹೊರಟ ಇಂಗ್ಲಿಷ್ ನುಡಿಗಟ್ಟುಗಳು: ಪ್ರಸಂಗಕರಿಗೊಂದು ಎಚ್ಚರಿಕೆ

ಇಂಗ್ಲಿಷ್ ವ್ಯಾಖ್ಯಾನಗ್ರಂಥಗಳನ್ನು ಓದಿ ಕನ್ನಡದಲ್ಲಿ ಪ್ರಸಂಗ ಮಾಡುವುದು ನಮ್ಮಲ್ಲಿ ಅನೇಕರ ವಾಡಿಕೆ. ಆ ಗ್ರಂಥಗಳ ಭಾಷೆಯಲ್ಲಿ ಸತ್ಯವೇದದಿಂದಲೇ ಹುಟ್ಟಿದ ನುಡಿಗಟ್ಟುಗಳು ಹೇರಳವಾಗಿವೆ. ವಿಲಿಯಂ ಟಿಂಡೇಲನು 1526ರಲ್ಲಿ ಹೊಸ ಒಡಂಬಡಿಕೆಯನ್ನೂ 1530ರಲ್ಲಿ ಮೋಶೆಯ ಪಂಚಗ್ರಂಥಗಳನ್ನೂ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದನು. ಅವನ ಪದಪ್ರಯೋಗಗಳಲ್ಲಿ ಬಹಳಷ್ಟು 1611ರ ಅಧಿಕೃತ ಭಾಷಾಂತರದೊಳಗೆ ಸೇರಿ, ಅಲ್ಲಿಂದ ಜನರ ದಿನಬಳಕೆಗೆ ಇಳಿದವು. ಆದರೆ ಮೂಲಸಂದರ್ಭವನ್ನು ಬಿಟ್ಟುಬಂದ ನುಡಿಗಟ್ಟು ಕಾಲಕ್ರಮದಲ್ಲಿ ಬೇರೆ ಅರ್ಥವನ್ನು ಪಡೆದುಕೊಳ್ಳುತ್ತದೆ. ಆ ಹೊಸ ಅರ್ಥವನ್ನೇ ಹಿಡಿದು ಮೂಲವಾಕ್ಯವನ್ನು ವಿವರಿಸಹೊರಟರೆ, ವಾಕ್ಯವು ಹೇಳದೆ ಇರುವುದನ್ನು ನಾವು ಸಭೆಗೆ ಬೋಧಿಸಿದಂತಾಗುತ್ತದೆ.

ಮೊದಲಿಗೆ ಒಂದು ಸರಳ ಉದಾಹರಣೆ. ಕೂದಲೆಳೆಯಲ್ಲಿ ಪಾರಾದವನು ‘ಬೈ ದಿ ಸ್ಕಿನ್ ಆಫ್ ಮೈ ಟೀತ್’, ಅಂದರೆ ‘ಹಲ್ಲಿನ ಚರ್ಮದಷ್ಟರಲ್ಲಿ’ ಉಳಿದೆನೆಂದು ನೆಮ್ಮದಿಯಿಂದ ಹೇಳುತ್ತಾನೆ. ಈ ಮಾತಿನ ಮೂಲ ಯೋಬ 19:20. ಅಲ್ಲಿ ನೆಮ್ಮದಿಯ ಸುಳಿವೇ ಇಲ್ಲ. ಎಲುಬಿಗೆ ಚರ್ಮ ಅಂಟಿಕೊಂಡವನ ಗೋಳು ಅದು. ಮರುವಾಕ್ಯದಲ್ಲಿಯೇ ಅವನು ಕರುಣೆ ತೋರಿಸಿರೆಂದು ಗೆಳೆಯರನ್ನು ಬೇಡಿಕೊಳ್ಳುತ್ತಾನೆ.

‘ಸ್ಕೇಪ್‌ಗೋಟ್’ ಎಂಬ ಪದದ ಕಥೆ ಇದಕ್ಕಿಂತ ಗಂಭೀರವಾದುದು. ಯಾಜಕಕಾಂಡ 16ರಲ್ಲಿ ಬರುವ ‘ಅಜಾಜೇಲ’ ಎಂಬ ಕ್ಲಿಷ್ಟ ಹೀಬ್ರೂ ಶಬ್ದಕ್ಕೆ, ತಪ್ಪಿಸಿಕೊಂಡು ಹೋಗುವ ಹೋತವೆಂಬ ಅರ್ಥ ಬರುವಂತೆ, ಟಿಂಡೇಲನು ಇದನ್ನು ರಚಿಸಿದನು. ಇಂದು ಇದರ ಅರ್ಥ, ಇತರರ ಅಪರಾಧವನ್ನು ಮುಚ್ಚಿಹಾಕಲು ದೂಷಣೆಗೆ ಗುರಿಮಾಡಲ್ಪಟ್ಟ ನಿರಪರಾಧಿ. ಕನ್ನಡ ಪತ್ರಿಕೆಗಳು ಇದನ್ನು ‘ಬಲಿಪಶು’ ಎನ್ನುತ್ತವೆ. ಇಲ್ಲಿ ಎರಡು ಗೊಂದಲಗಳಿವೆ. ಒಂದನೆಯದಾಗಿ, ದೋಷಪರಿಹಾರಕ ದಿನದಂದು ಬಲಿಯಾದದ್ದು ಕರ್ತನ ಪಾಲಿಗೆ ಚೀಟು ಬಿದ್ದ ಇನ್ನೊಂದು ಹೋತ. ಅಜಾಜೇಲನ ಪಾಲಿನದು ಜೀವಸಹಿತವಾಗಿ ಅಡವಿಗೆ ಹೋಯಿತು. ಎರಡನೆಯದಾಗಿ, ಆರೋನನು ತನ್ನ ಎರಡು ಕೈಗಳನ್ನೂ ಅದರ ತಲೆಯ ಮೇಲಿಟ್ಟು ಇಸ್ರಾಯೇಲ್ಯರ ಎಲ್ಲ ಪಾಪಗಳನ್ನು ಬಹಿರಂಗವಾಗಿ ಅರಿಕೆಮಾಡಬೇಕಾಗಿತ್ತು. ಅಂದರೆ ಇಂದಿನ ನುಡಿಗಟ್ಟಿನಲ್ಲಿ ಜನರು ತಮ್ಮ ತಪ್ಪನ್ನು ಅಲ್ಲಗಳೆಯುತ್ತಾರೆ; ಯಾಜಕಕಾಂಡದಲ್ಲಿ ಒಪ್ಪಿಕೊಳ್ಳುತ್ತಾರೆ. ಈ ವ್ಯತ್ಯಾಸವನ್ನು ಮರೆತು ಕ್ರಿಸ್ತನನ್ನು ಬರಿಯ ‘ಸ್ಕೇಪ್‌ಗೋಟ್’ ಎಂದು ವರ್ಣಿಸಿದರೆ, ಕೇಳುವವನ ಪಾಪನಿವೇದನೆಗೆ ಅಲ್ಲಿ ಸ್ಥಳವೇ ಉಳಿಯುವುದಿಲ್ಲ.

‘ಗೋಯಿಂಗ್ ದಿ ಎಕ್ಸ್‌ಟ್ರಾ ಮೈಲ್’ ಎಂಬುದು ಕಚೇರಿಗಳಲ್ಲಿ ನಿತ್ಯವೂ ಕೇಳಿಬರುವ ಮಾತು. ಕರ್ತವ್ಯಕ್ಕಿಂತ ಹೆಚ್ಚಾಗಿ ದುಡಿಯುವುದೆಂದು ಅರ್ಥ. ಮತ್ತಾಯ 5:41ರಲ್ಲಿ ಮೊದಲನೆಯ ಮೈಲಿ ಕರ್ತವ್ಯವಲ್ಲ, ದಬ್ಬಾಳಿಕೆ. ಅಲ್ಲಿನ ಗ್ರೀಕ್ ಕ್ರಿಯಾಪದವು ಅಧಿಕಾರಬಲದಿಂದ ದಾರಿಹೋಕನನ್ನು ಬಲವಂತದ ಸೇವೆಗೆ ಹಿಡಿಯುವುದನ್ನು ಸೂಚಿಸುತ್ತದೆ. ಕುರೇನ್ಯದ ಸೀಮೋನನ ಮೇಲೆ ಶಿಲುಬೆಯನ್ನು ಹೊರಿಸಿದ ಪ್ರಸಂಗದಲ್ಲಿಯೂ (ಮತ್ತಾಯ 27:32) ಇದೇ ಪದವಿದೆ. ‘ಬಿಟ್ಟಿ’ ಎಂಬ ಪದವನ್ನು ಬಲ್ಲ ನಮಗೆ ಇದರ ಕಹಿಯನ್ನು ಇಂಗ್ಲಿಷ್ ಓದುಗನಿಗಿಂತ ಸುಲಭವಾಗಿ ಗ್ರಹಿಸಲು ಸಾಧ್ಯ. ಬಿಟ್ಟಿ ಹಿಡಿಯಲ್ಪಟ್ಟವನು ಎರಡನೆಯ ಮೈಲಿಯನ್ನು ತಾನಾಗಿಯೇ ನಡೆಯುವಾಗ, ಹಿಡಿದವನ ಅಧಿಕಾರವು ಅವನ ಮೇಲೆ ಉಳಿಯುವುದಿಲ್ಲ. ಈ ವಾಕ್ಯವನ್ನು ಶ್ರದ್ಧಾವಂತ ನೌಕರನಿಗೆ ನೀಡಿದ ಹಿತೋಪದೇಶವನ್ನಾಗಿ ಮಾಡಿದರೆ, ಹಿಂಸೆಯಿಲ್ಲದ ಆ ಪ್ರತಿರೋಧವು ಕಣ್ಮರೆಯಾಗುತ್ತದೆ.

ಕಡೆಯದಾಗಿ, ‘ಎ ಕ್ರಾಸ್ ಟು ಬೇರ್’. ಇಂಗ್ಲಿಷಿನಲ್ಲಿ ವಾಸಿಯಾಗದ ಮಂಡಿನೋವಾಗಲಿ ಕಿರಿಕಿರಿಯ ನೆರೆಯವನಾಗಲಿ ಹೊರಬೇಕಾದ ‘ಶಿಲುಬೆ’ಯೇ. ಈ ಬಳಕೆ ನಮ್ಮ ಸಭೆಗಳ ಕನ್ನಡದಲ್ಲಿಯೂ ಬೇರೂರಿದೆ. ಮಾರ್ಕ 8:34ರಲ್ಲಾದರೋ ಶಿಲುಬೆಯೆಂಬುದು ರೋಮನ್ ಸರಕಾರದ ಮರಣದಂಡನೆಯ ಸಾಧನ. ಅದನ್ನು ಎತ್ತಿಕೊಳ್ಳುವುದು ಯೇಸುವನ್ನು ಹಿಂಬಾಲಿಸುವ ನಿರ್ಣಯದ ಫಲ. ಕೇಳದೆ ಬಂದೊದಗುವ ಪ್ರತಿಯೊಂದು ಕಷ್ಟಕ್ಕೂ ಆ ಹೆಸರು ಸಲ್ಲುವುದಿಲ್ಲ. ಗಂಡನಿಂದ ಪೆಟ್ಟು ತಿಂದು ಸಭಾಪಾಲಕರ ಮನೆಬಾಗಿಲಿಗೆ ಬಂದ ಸಹೋದರಿಗೆ, “ಇದು ನೀನು ಹೊರಬೇಕಾದ ಶಿಲುಬೆಯಮ್ಮಾ” ಎಂದು ಹೇಳಿ ಕಳುಹಿಸಿದರೆ, ಅಲ್ಲಿ ಮಾತಾಡಿದ್ದು ಸುವಾರ್ತೆಯಲ್ಲ, ಸವೆದ ನುಡಿಗಟ್ಟು. ಅರ್ಥದ ತಪ್ಪು ಇಲ್ಲಿ ಪಾಂಡಿತ್ಯದ ಲೋಪವಾಗಿ ನಿಲ್ಲುವುದಿಲ್ಲ. ಅದು ಒಂದು ಜೀವಕ್ಕೆ ಅಪಾಯವನ್ನು ತರಬಲ್ಲದು.

ಹಾಗೆಂದು ಈ ನುಡಿಗಟ್ಟುಗಳನ್ನು ತಿರಸ್ಕರಿಸಬೇಕಾಗಿಲ್ಲ. ಭಾಷೆ ಬೆಳೆಯುವುದು ಹೀಗೆಯೇ. ಇಂಗ್ಲಿಷ್ ಓದುವವರು ಅವುಗಳ ಇಂದಿನ ಅರ್ಥವನ್ನು ತಿಳಿದಿರಲೇಬೇಕು. ಆದರೆ ಪ್ರಸಂಗವನ್ನು ಸಿದ್ಧಪಡಿಸುವಾಗ ಅಂಥ ನುಡಿಗಟ್ಟು ಎದುರಾದಲ್ಲಿ ಮೂಲ ಅಧ್ಯಾಯವನ್ನು ಪೂರ್ತಿಯಾಗಿ ಓದೋಣ. ಮಾತಾಡುವವರು ಯಾರು, ಯಾರಿಗೆ, ಯಾವ ಸಂಕಟದಲ್ಲಿ ಎಂದು ವಿಚಾರಿಸೋಣ. ಬಳಿಕ ಆ ಸಂಕಟದಲ್ಲಿರುವವರು ನಮ್ಮ ಸಭೆಯಲ್ಲಿ ಯಾರೆಂದು ನೋಡಿ, ಅವರಿಗೆ ತಿಳಿಯುವ ಕನ್ನಡದಲ್ಲಿ ವಾಕ್ಯವನ್ನು ಸಾರೋಣ.