ರೋಗಿಯ ಪಕ್ಕದಲ್ಲಿ ಕುಳಿತವರಿಗೆ ಬೇಕಾದುದೇನು?

ಹೊಟ್ಟೆಯ ಅರ್ಬುದವಾಗಲಿ ಶ್ವಾಸಕೋಶದ ಅರ್ಬುದವಾಗಲಿ ಬಂದ ಮನುಷ್ಯನು, ದೇಹವೆಷ್ಟೇ ಕೃಶವಾದರೂ, ಬಹುಮಟ್ಟಿಗೆ ಕೊನೆಯವರೆಗೂ ತಾನು ತಾನಾಗಿಯೇ ಇರುತ್ತಾನೆ. ತನ್ನ ನೋವನ್ನು ತಾನೇ ಹೇಳಬಲ್ಲನು, ಹೆಂಡತಿ ಮಕ್ಕಳ ಆಯಾಸವನ್ನು ಕಂಡು ಮರುಗಬಲ್ಲನು, ಮನೆಯ ವ್ಯವಹಾರದಲ್ಲಿ ಇಂಥದು ಸರಿ ಇಂಥದು ತಪ್ಪೆಂದು ಒಂದು ಮಾತನ್ನಾಡಬಲ್ಲನು. ಮೆದುಳಿನಲ್ಲಿಯೇ ಹುಟ್ಟಿದ ಅರ್ಬುದವಾದರೋ ಸಂಸಾರಕ್ಕೆ ಇಷ್ಟು ಸಮಾಧಾನವನ್ನೂ ಉಳಿಸುವುದಿಲ್ಲ. ಗಡ್ಡೆ ಹಣೆಯ ಹಿಂದಿನ ಭಾಗದಲ್ಲಿದ್ದರೆ ಸ್ವಭಾವವೇ ಮಾರ್ಪಟ್ಟು, ಶಾಂತನಾಗಿದ್ದವನು ಕೋಪಿಷ್ಠನಾಗುವುದೂ, ಚುರುಕಾಗಿದ್ದವನು ಹಗಲೆಲ್ಲ ಗೋಡೆ ನೋಡುತ್ತ ಕೂರುವುದೂ ಉಂಟು. ಎಡಪಾರ್ಶ್ವದ ಭಾಷಾಕೇಂದ್ರಗಳನ್ನು ಅದು ಒತ್ತಿತೆಂದರೆ ನೀರು ಕೇಳಹೊರಟವನ ಬಾಯಿಂದ ಬೇರಾವುದೋ ಮಾತು ಹೊರಡುತ್ತದೆ. ಆದಕಾರಣ ಇಲ್ಲಿ ಶುಶ್ರೂಷೆಗೆ ನಿಂತ ಬಂಧುವು ಏಕಕಾಲದಲ್ಲಿ ಅರ್ಬುದರೋಗಿಯನ್ನೂ ಮನಸ್ಸು ಕದಲಿದ ವ್ಯಕ್ತಿಯನ್ನೂ ಪರಾಮರಿಸಬೇಕಾಗುತ್ತದೆ. ಅದೂ ತನ್ನ ಕಷ್ಟವನ್ನು ಯಾರೊಡನೆ ಹೇಳಿಕೊಳ್ಳುವ ಅಭ್ಯಾಸವಿತ್ತೋ ಅವರೇ ಕೇಳಲಾರದ ಸ್ಥಿತಿಯಲ್ಲಿರುವಾಗ.

ಪ್ರೌಢ ವಯಸ್ಕರಲ್ಲಿ ಮೆದುಳಿನಲ್ಲೇ ಉದ್ಭವಿಸುವ ಮಾರಕ ಗಡ್ಡೆಗಳ ಪೈಕಿ ಅತ್ಯಂತ ಸಾಮಾನ್ಯವಾದದ್ದು ಗ್ಲಿಯೋಬ್ಲಾಸ್ಟೋಮ. ಶಸ್ತ್ರಚಿಕಿತ್ಸೆಯ ತರುವಾಯ ಆರು ವಾರ ವಿಕಿರಣ ಕೊಡುವುದು, ಎಂದರೆ ನಮ್ಮ ಜನರು ‘ಕರೆಂಟ್ ಕೊಡುವುದು’ ಎನ್ನುವ ಚಿಕಿತ್ಸೆ, ಅದರ ಜೊತೆಗೆ ಟೆಮೊಜೋಲೊಮೈಡ್ ಗುಳಿಗೆಗಳು; ಇದು ಇಂದಿನ ಕ್ರಮ. ಈ ಕ್ರಮಕ್ಕೆ ಆಧಾರವಾದ 2005ರ ಸಂಶೋಧನೆಯಲ್ಲಿ, ವಿಕಿರಣವೊಂದನ್ನೇ ಪಡೆದವರ ಬದುಕಿನ ಮಧ್ಯಮ ಅವಧಿ 12.1 ತಿಂಗಳಿದ್ದುದು ಔಷಧವೂ ಸೇರಿದಾಗ 14.6 ತಿಂಗಳಾಯಿತು. ಅಷ್ಟು ಅಲ್ಪಕಾಲದೊಳಗೆ, ನಿನ್ನೆಯವರೆಗೆ ಅಡಿಗೆ, ಹೊಲ, ಕಚೇರಿಯೆಂದು ಇದ್ದವರು ದಾದಿಯ ಕೆಲಸವನ್ನೂ ವಕೀಲರ ಕೆಲಸವನ್ನೂ ಕಲಿತುಕೊಳ್ಳಬೇಕು.

ಹಾಸನದ ಕಡೆಯ ಒಂದು ಸಂಸಾರವನ್ನು ನಾನು ಬಲ್ಲೆ. ಯಜಮಾನರು ಪ್ರೌಢಶಾಲೆಯ ಉಪಾಧ್ಯಾಯರು, ಎತ್ತರದ ದನಿಯಲ್ಲಿ ಮಾತನಾಡಿದವರೇ ಅಲ್ಲ. ಗಡ್ಡೆಯ ಸುತ್ತಲಿನ ಬಾವನ್ನು ತಗ್ಗಿಸಲೆಂದು ಕೊಡುವ ಡೆಕ್ಸಾ ಮಾತ್ರೆ ಆರಂಭವಾದಮೇಲೆ ಅವರು ನಡುರಾತ್ರಿಯಲ್ಲೆದ್ದು ಉಪ್ಪಿಟ್ಟು ಮಾಡೆಂದು ಹಟ ಹಿಡಿಯುವರು, ಮಾಡಿ ತಂದಿಟ್ಟರೆ ತಟ್ಟೆಯನ್ನು ತಳ್ಳುವರು. ಒಮ್ಮೊಮ್ಮೆ ಸದ್ದಿಲ್ಲದೆ ಬಾಗಿಲ ಚಿಲಕ ತೆಗೆದು ಬೀದಿಗಿಳಿದುಬಿಡುವರು. ಅದಕ್ಕೆಂದೇ ಅವರ ಹೆಂಡತಿ ತಮ್ಮ ಸೆರಗಿನ ತುದಿಯನ್ನು ಗಂಡನ ಮಣಿಕಟ್ಟಿಗೆ ಸಡಿಲವಾಗಿ ಗಂಟುಹಾಕಿಕೊಂಡು, ಸೆರಗು ಜಗ್ಗಿದೊಡನೆ ಏಳಬಹುದೆಂದು, ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದರು. ಆಸ್ಪತ್ರೆಯಲ್ಲಿ ಯಾರಾದರೂ “ನಿಮಗೇನಾದರೂ ತೊಂದರೆಯೇನಮ್ಮಾ?” ಎಂದರೆ, “ನನಗೇನಾಗಿದೆ, ಅವರೊಬ್ಬರು ಹುಷಾರಾದರೆ ಸಾಕು” ಎಂಬುದೇ ಅವರ ಉತ್ತರ. ಮುಂದೆ ಮನೆಗೆ ಬಂದ ಉಪಶಮನ ಚಿಕಿತ್ಸೆಯ ದಾದಿಯೊಬ್ಬರು ಆಕೆಯನ್ನು ಹಿತ್ತಿಲ ಕಟ್ಟೆಗೆ ಕರೆದೊಯ್ದು ಕೂರಿಸಿ, ಒಂದೊಂದೇ ವಿಷಯವನ್ನೆತ್ತಿ, “ಇದರಲ್ಲಿ ಸಹಾಯ ಬೇಕೇ?” ಎಂದು ಕೇಳಿದಾಗ ಮಾತು ಬೇರೆಯಾಯಿತು. “ಅವರನ್ನು ಎತ್ತಿ ಕೂರಿಸೋದು ಹೇಗೆ ಅಂತ ಯಾರೂ ತೋರಿಸಿಕೊಟ್ಟಿಲ್ಲ ಸಿಸ್ಟರ್, ಸೊಂಟ ಬಿದ್ದುಹೋಗಿದೆ. ಕೊನೆಗೆ ಫಿಟ್ಸ್ ಬಂದೇ ಹೋಗಿಬಿಡ್ತಾರಾ? ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದರೆ ಸಾಕಾಗಿದೆ.”

ಮೊದಲಿನ ಪ್ರಶ್ನೆಯೂ ಸೌಜನ್ಯದ್ದೇ. ಆದರೆ ಅದು ಉತ್ತರವನ್ನು ಹೊರಡಿಸುವ ಪ್ರಶ್ನೆಯಲ್ಲ. ರೋಗಿಯ ಎದುರಿನಲ್ಲಿ ‘ನನಗೆ ಸಾಕಾಗಿದೆ’ ಎನ್ನಲು ಯಾವ ಹೆಂಡತಿಯ ನಾಲಗೆಯೂ ಏಳದು. ಅಲ್ಲದೆ ತನಗೂ ಬೇಕುಗಳಿರಬಹುದೆಂಬ ಭಾವನೆಯೇ ಶುಶ್ರೂಷೆಯಲ್ಲಿ ಮುಳುಗಿದವರಿಗೆ ಹೊಳೆಯುವುದಿಲ್ಲ. ಈ ಕಷ್ಟವನ್ನರಿತೇ ಇಂಗ್ಲೆಂಡಿನಲ್ಲಿ ಗೇಲ್ ಯೂಯಿಂಗ್ ಮತ್ತು ಗುನ್ ಗ್ರಾಂಡೆ ಎಂಬ ಸಂಶೋಧಕಿಯರು, ಮನೆಯಲ್ಲಿ ರೋಗಿಗಳನ್ನು ಕೊನೆಯವರೆಗೆ ನೋಡಿಕೊಂಡ ಬಂಧುಗಳ ಅನುಭವವನ್ನೇ ಆಧಾರವಾಗಿಟ್ಟುಕೊಂಡು, 14 ಪ್ರಶ್ನೆಗಳ ಒಂದು ಪುಟವನ್ನು ರಚಿಸಿದರು. ರೋಗವನ್ನು ಅರ್ಥಮಾಡಿಕೊಳ್ಳಲು, ಔಷಧ ಕೊಡಲು, ಸ್ನಾನ ಶೌಚ ಮಾಡಿಸಲು, ಮುಂದೇನಾದೀತೆಂದು ತಿಳಿಯಲು, ಸಂಶಯ ಬಂದಾಗ ಯಾರನ್ನು ಕರೆಯಬೇಕೆಂದು ಅರಿಯಲು ನಿಮಗೆ ಇನ್ನೂ ಹೆಚ್ಚಿನ ನೆರವು ಬೇಕೇ ಎಂಬುವು ಒಂದು ಬಗೆಯ ಪ್ರಶ್ನೆಗಳು. ನಿಮ್ಮ ಆರೋಗ್ಯ, ನಿಮ್ಮ ಹಣಕಾಸು, ನಿಮ್ಮ ಚಿಂತೆ, ನಿಮ್ಮ ರಾತ್ರಿಯ ವಿಶ್ರಾಂತಿ ಎಂಬುವು ಇನ್ನೊಂದು ಬಗೆಯವು. ಬೇಡ, ಸ್ವಲ್ಪ ಬೇಕು, ಸಾಕಷ್ಟು ಬೇಕು, ಬಹಳ ಬೇಕು ಎಂದು ಗುರುತು ಹಾಕುವವರು ಶುಶ್ರೂಷಕರೇ. ಇವುಗಳಲ್ಲಿ ಮೊದಲು ಯಾವುದನ್ನು ಮಾತನಾಡೋಣವೆಂದು ಆರಿಸುವವರೂ ಅವರೇ. ಹೊರೆಯೆಷ್ಟೆಂದು ಅಳೆಯುವ ಪ್ರಶ್ನಾವಳಿಗಳು ಇದಕ್ಕೆ ಮುಂಚೆಯೂ ಇದ್ದವು. ಆದರೆ ಹೊರೆಯನ್ನು ಅಳೆದ ಮಾತ್ರಕ್ಕೆ ಅದನ್ನು ಎಲ್ಲಿ ಹಿಡಿದು ಇಳಿಸಬೇಕೆಂಬುದು ತಿಳಿಯುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಮೆದುಳಿನ ಅರ್ಬುದದವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದವರೊಡನೆ ಇದೇ ಪುಟವನ್ನು ಬಳಸಿದಾಗ, ಮುಂದೆ ಏನನ್ನು ನಿರೀಕ್ಷಿಸಬೇಕೆಂದು ತಿಳಿಯುವ ಅಗತ್ಯವು ಮುಂಚೂಣಿಯಲ್ಲಿ ಕಾಣಿಸಿಕೊಂಡಿತು.

ಇದು ನಮ್ಮಲ್ಲಿಯೂ ಸತ್ಯ. ಹೇಳಿದರೆ ಧೈರ್ಯಗೆಟ್ಟಾರೆಂದು ವೈದ್ಯರು ಹಿಂಜರಿಯುವರು. ಕೇಳಿದರೆ ಅಪಶಕುನವೆಂದು ಮನೆಯವರು ಹಿಂಜರಿಯುವರು. ನಡುವೆ ಹೇಳಲೇಬೇಕಾದ ಸಾಮಾನ್ಯ ಸಂಗತಿಗಳೂ ಉಳಿದುಹೋಗುವುವು. ಉಪಾಧ್ಯಾಯರ ಆ ರಾತ್ರಿಯ ಹಸಿವೂ ನಿದ್ರಾನಾಶವೂ ಕೋಪವೂ ಡೆಕ್ಸಾ ಮಾತ್ರೆಯಿಂದಲೂ ಬರಬಹುದಾದವು. ತೊಡೆಯ ಸ್ನಾಯುಗಳು ಸೋತು ಎದ್ದು ನಿಲ್ಲಲಾಗದಿರುವುದೂ, ಸಕ್ಕರೆಯ ಅಂಶ ಏರುವುದೂ ಅದರ ಪರಿಣಾಮವಿರಬಹುದು. ಮಾತ್ರೆಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು, ಆದರೆ ವೈದ್ಯರಿಗೆ ತಿಳಿಸಿದರೆ ಕೊಡುವ ಹೊತ್ತನ್ನು ಬೆಳಗಿನ ಕಡೆಗೆ ಸರಿಸುವುದುಂಟು ಎಂಬಷ್ಟನ್ನು ಮೊದಲೇ ಹೇಳಿದ್ದರೆ, ‘ನನ್ನ ಮೇಲೆ ಇವರಿಗೇಕಿಷ್ಟು ದ್ವೇಷ’ ಎಂದು ಆಕೆ ಅಷ್ಟು ದಿನ ಒಳಗೊಳಗೇ ಬೇಯಬೇಕಾಗಿರಲಿಲ್ಲ. ಫಿಟ್ಸಿನ ವಿಷಯವೂ ಹಾಗೆಯೇ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದರಿಂದ ಫಲವಿಲ್ಲ. ಹಲ್ಲುಗಳ ನಡುವೆ ಏನನ್ನೂ ತುರುಕಬಾರದು, ಬಾಯಿಗೆ ನೀರು ಬಿಡಬಾರದು. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ ಗಡಿಯಾರ ನೋಡಬೇಕು, 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಕಲಿಸಲು ಹತ್ತು ನಿಮಿಷ ಬೇಡ. ಕಲಿತವರ ಮನೆಯಲ್ಲಾದರೋ ರಾತ್ರಿಗಳ ಭೀತಿ ಬಹುವಾಗಿ ತಗ್ಗುತ್ತದೆ.

ಹಣದ ಮಾತಿಗೆ ಬಂದರೆ, ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಆಸರೆಯುಂಟು. ರೈಲಿನಲ್ಲಿ ಅರ್ಬುದರೋಗಿಗೂ ಜೊತೆಯಲ್ಲಿ ಹೋಗುವವರಿಗೂ ರಿಯಾಯಿತಿಯುಂಟು. ಜೊತೆಗೆ ನಿಂತವರ ಕಳೆದುಹೋದ ಕೂಲಿಗೆ ಮಾತ್ರ ಇವುಗಳಲ್ಲಿ ಲೆಕ್ಕವಿಲ್ಲ. ಇದಕ್ಕಿಂತಲೂ ಕಡಿಮೆ ಜನ ಬಲ್ಲ ಸಂಗತಿಯೊಂದು ಕಾನೂನಿನದು. ರೋಗಿಯ ಪರವಾಗಿ ಬ್ಯಾಂಕು, ಜಮೀನು, ಭವಿಷ್ಯನಿಧಿಗಳ ವ್ಯವಹಾರ ನಡೆಸಲು ಮನೆಯವರು ಅಧಿಕಾರಪತ್ರ ಬರೆಸಿಕೊಂಡು ನಿಶ್ಚಿಂತರಾಗುವರು. ಆದರೆ 1872ರ ಭಾರತೀಯ ಕರಾರು ಕಾಯಿದೆಯ 201ನೆಯ ಪ್ರಕರಣದಂತೆ, ಅಧಿಕಾರ ಕೊಟ್ಟವರ ಬುದ್ಧಿ ಸ್ವಸ್ಥವಲ್ಲವೆಂದಾದೊಡನೆ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಕಾಗದವು ಅತ್ಯಂತ ಅವಶ್ಯವಾಗುವ ಗಳಿಗೆಯಲ್ಲಿಯೇ ಅದು ನಿಷ್ಪ್ರಯೋಜಕವಾಗುವುದೆಂದರೆ, ಶುಶ್ರೂಷೆಯ ನಡುವೆ ನ್ಯಾಯಾಲಯಕ್ಕೂ ಅಲೆಯಬೇಕೆಂದಾಯಿತು. ಆದುದರಿಂದ ರೋಗಿಗೆ ತಿಳಿವಳಿಕೆ ನಿಚ್ಚಳವಾಗಿರುವ ಮೊದಲ ವಾರಗಳಲ್ಲಿಯೇ ಜಂಟಿ ಖಾತೆ, ನಾಮನಿರ್ದೇಶನ, ಉಯಿಲು ಇವುಗಳ ಮಾತನ್ನು ಯಾರಾದರೂ ಮೆಲ್ಲನೆ ಎತ್ತಬೇಕು. ಬಂಧುಗಳಿಗೆ ಸಂಕೋಚವಾದೀತು, ಆಸ್ಪತ್ರೆಯ ಸಮಾಜ ಕಾರ್ಯಕರ್ತರೇ ಎತ್ತುವುದು ಲೇಸು.

ಹೇಳಲು ಕಷ್ಟವಾದುದು ದುಃಖದ ವಿಷಯ. ಜೀವವಿರುವಾಗಲೇ ಆ ಮನುಷ್ಯ ಕಾಣೆಯಾಗುತ್ತಿದ್ದಾನೆಂದು ಅತ್ತರೆ ನೋಡಿದವರು ಗದರುವರು. ಒಂದು ದಿನ ರೇಗಿ ಕೈ ಜಾಡಿಸಿದರೆ ಆ ಪಾಪಪ್ರಜ್ಞೆ ವರ್ಷಗಟ್ಟಲೆ ಕಾಡುವುದು. ಇಂಥ ಅಳುವೂ ಇಂಥ ಸಿಟ್ಟೂ ಈ ವ್ಯಾಧಿಯ ಮನೆಗಳಲ್ಲೆಲ್ಲ ಉಂಟೆಂದು ಬಲ್ಲವರೊಬ್ಬರು ಹೇಳಿದರೇ ಅರ್ಧ ಭಾರ ಇಳಿಯುತ್ತದೆ. ರೋಗಿಯೊಡನೆ ಮನೆಯವರನ್ನೂ ವಾರ್ಡಿನಲ್ಲಿ ಇರಿಸಿಕೊಳ್ಳುವ ಪದ್ಧತಿಯುಳ್ಳ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆಂದೇ ಒಂದು ವಿಭಾಗವಿದೆ. ಕೊನೆಯ ಹಂತದ ಅರ್ಬುದರೋಗಿಗಳನ್ನು ಉಚಿತವಾಗಿ ಸಲಹುವ ಕರುಣಾಶ್ರಯವಿದೆ. ಆದರೆ ಇವೆರಡೂ ರಾಜಧಾನಿಯಲ್ಲಿವೆ; ಬೀದರಿನವರೂ ಕಾರವಾರದವರೂ ಊರು ಬಿಟ್ಟು ಬರಬೇಕು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಉಪಶಮನ ಚಿಕಿತ್ಸೆಯ ಕಾರ್ಯವು ಊರಿನವರನ್ನೇ ಸ್ವಯಂಸೇವಕರನ್ನಾಗಿ ಮಾಡಿಕೊಂಡು ಮನೆಮನೆಗೆ ತಲುಪಿತು; 2008ರಲ್ಲಿ ಅಲ್ಲಿನ ಸರ್ಕಾರವು ಅದಕ್ಕೆಂದೇ ಒಂದು ನೀತಿಯನ್ನು ಅಂಗೀಕರಿಸಿತು. ನಮ್ಮ ತಾಲ್ಲೂಕುಗಳಿಗೆ ಅನುಸರಿಸಲು ಇಷ್ಟು ಹತ್ತಿರದ ಮಾದರಿ ಇನ್ನೊಂದಿಲ್ಲ.

ಶುಶ್ರೂಷಕರನ್ನು ವಿಚಾರಿಸುವುದು ಕೇವಲ ದಯೆಯ ಮಾತೆಂದು ತಿಳಿಯಬೇಕಾಗಿಲ್ಲ. ಈ ಪರಿಸ್ಥಿತಿಯನ್ನು ತಾನು ನಿಭಾಯಿಸಬಲ್ಲೆನೆಂಬ ಆತ್ಮವಿಶ್ವಾಸ ಹೆಚ್ಚಾಗಿದ್ದ ಬಂಧುಗಳ ಕೈಯಲ್ಲಿದ್ದ ಗ್ಲಿಯೋಬ್ಲಾಸ್ಟೋಮ ರೋಗಿಗಳು ಹೆಚ್ಚು ಕಾಲ ಬದುಕಿದ್ದರೆಂದು ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿತು. ಅದು ಪ್ರಾಥಮಿಕ ವರದಿ, ಕಾರಣಕಾರ್ಯವನ್ನು ಸಿದ್ಧಪಡಿಸಿದ್ದಲ್ಲ, ಆದರೂ ವೈದ್ಯರು ಲಕ್ಷಿಸತಕ್ಕದ್ದು.

ರೋಗಿಯ ಫೈಲಿನೊಳಗೆ ಶುಶ್ರೂಷಕರಿಗೆಂದು ಪ್ರತ್ಯೇಕವಾದ ಒಂದು ಹಾಳೆಯಿರಲಿ. ಅದನ್ನು ಕನ್ನಡದಲ್ಲಿ, ರೋಗಿಯ ಕಿವಿಗೆ ಬೀಳದ ಜಾಗದಲ್ಲಿ, ಓದುಬಾರದವರಿಗೆ ಓದಿ ಹೇಳಿ ತುಂಬಿಸಲಿ. ಒಮ್ಮೆ ತುಂಬಿ ಮುಚ್ಚಿಡುವುದಲ್ಲ. ಶಸ್ತ್ರಚಿಕಿತ್ಸೆಯಾದಾಗ ಬೇಕಾದದ್ದು ಬೇರೆ, ಗಡ್ಡೆ ಮರುಕಳಿಸಿದಾಗ ಬೇಕಾದದ್ದು ಬೇರೆ, ನುಂಗುವ ಶಕ್ತಿ ಹೋದಾಗ ಬೇಕಾದದ್ದೇ ಬೇರೆ. ರೋಗಿ ತೀರಿಕೊಂಡ ಮೇಲೆ, ಹನ್ನೆರಡನೆಯ ದಿನದ ನೆಂಟರೆಲ್ಲ ಹೊರಟುಹೋದ ತರುವಾಯ, ಅದೇ ದಾದಿ ಇನ್ನೊಮ್ಮೆ ಆ ಮನೆಗೆ ಹೋಗಿ, ಊಟ ಸೇರುತ್ತಿದೆಯೇ, ಪಿಂಚಣಿಯ ಕಾಗದಗಳು ಎಲ್ಲಿಗೆ ಬಂದುವು, ಮಕ್ಕಳು ಶಾಲೆಗೆ ಹೋಗುತ್ತಿರುವರೇ ಎಂದು ಕೇಳಿಕೊಂಡು ಬರುವುದನ್ನೂ ಆ ಹಾಳೆಯ ಕೊನೆಯ ಸಾಲಿನಲ್ಲಿಯೇ ಬರೆದಿಡಬೇಕು.