ಭಯದ ಮನೆಯಲ್ಲಿ ನಗೆಯ ದನಿ

ಕಾಡಿನ ನಡುವೆ ಒಂದು ಹಳೆಯ ಬಂಗಲೆ. ಹೊರಗೆ ಕಗ್ಗತ್ತಲು, ಒಳಗೆ ನಡೆದಾಡುವ ಹೆಣಗಳು. ಜಿಲ್ ಎಂಬ ತರುಣಿ ಕೋಣೆಯೊಂದರಲ್ಲಿ ಸಿಕ್ಕಿಬೀಳುತ್ತಾಳೆ. ಬಾಗಿಲು ತೆರೆಯದು; ಚಾವಣಿ ಮೆಲ್ಲಮೆಲ್ಲನೆ ಕೆಳಗಿಳಿಯತೊಡಗುತ್ತದೆ. ಇನ್ನೇನು ಆಕೆ ಅಪ್ಪಚ್ಚಿಯಾಗಬೇಕು, ಅಷ್ಟರಲ್ಲಿ ಸಂಗಡಿಗ ಬ್ಯಾರಿ ಬಾಗಿಲು ಒಡೆದು ಆಕೆಯನ್ನು ಉಳಿಸುತ್ತಾನೆ. ನೋಡುವವರ ಎದೆ ಇನ್ನೂ ಡವಗುಟ್ಟುತ್ತಿರುವಾಗಲೇ ಆ ಮಹಾಶಯನು, ವನಭೋಜನಕ್ಕೆ ಬಂದವನ ಧಾಟಿಯಲ್ಲಿ, ಸ್ವಲ್ಪದರಲ್ಲಿ ನೀನು ‘ಜಿಲ್ ಸ್ಯಾಂಡ್‌ವಿಚ್’ ಆಗಿಬಿಡುತ್ತಿದ್ದೆ ಎಂದುಬಿಡುತ್ತಾನೆ! ಭಯ ಎತ್ತಲೋ ಹಾರಿಹೋಗಿ ನಗೆ ಉಕ್ಕುತ್ತದೆ.

ಇದು 1996ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ಹೊರತಂದ ‘ರೆಸಿಡೆಂಟ್ ಈವಿಲ್’ ಎಂಬ ವಿಡಿಯೋ ಆಟದ ಪ್ರಸಂಗ. ಶಿಂಜಿ ಮಿಕಾಮಿಯವರು ನಿರ್ದೇಶಿಸಿದ ಈ ಆಟ ಹುಟ್ಟಿದ್ದು ಹೆದರಿಸಲೆಂದು. ಹೆದರಿಸುವುದರಲ್ಲಿ ಅದು ಸೋತದ್ದೂ ಇಲ್ಲ. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು. ಆದರೆ ಪಾತ್ರಗಳು ಬಾಯಿ ತೆರೆದಾಗಲೆಲ್ಲ ಆಟಗಾರರು ನಕ್ಕರು.

ಹೀಗೇಕಾಯಿತು? ಅದಕ್ಕೆ ಹಿಂದಿನ ಆಟಗಳು ಬಹುಮಟ್ಟಿಗೆ ಮೂಕ ಆಟಗಳು. ಅವುಗಳನ್ನು ಅಡಗಿಸಿಟ್ಟಿದ್ದ ಕಾರ್ಟ್ರಿಜ್‌ಗಳಲ್ಲಿ ಕೆಲವೇ ಮೆಗಾಬೈಟುಗಳಷ್ಟು ಜಾಗ. ಸಂಭಾಷಣೆಯೆಲ್ಲ ಪರದೆಯ ಮೇಲಿನ ಅಕ್ಷರಗಳಲ್ಲಿಯೇ ಮುಗಿಯುತ್ತಿತ್ತು. 1994ರಲ್ಲಿ ಜಪಾನಿನಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ ಯಂತ್ರ ಬಳಸಿದ್ದು ಸಿ.ಡಿ.ಯನ್ನು. ಅದರಲ್ಲಿ 600 ಮೆಗಾಬೈಟಿಗೂ ಮಿಗಿಲಾದ ಸ್ಥಳ. ಮೂಕ ಪಾತ್ರಗಳಿಗೆ ಏಕಾಏಕಿ ಮಾತು ಬಂದಿತು. ಆದರೆ ಆಟ ಕಟ್ಟುವವರಿಗೆ ನಟರಿಂದ ಮಾತಾಡಿಸುವ ವಿದ್ಯೆ ಅಷ್ಟೇ ಬೇಗ ಕೈವಶವಾಗಲಿಲ್ಲ.

‘ರೆಸಿಡೆಂಟ್ ಈವಿಲ್’ನ ಇಂಗ್ಲಿಷ್ ಮಾತುಗಳು ಧ್ವನಿಮುದ್ರಣಗೊಂಡದ್ದು ಜಪಾನಿನಲ್ಲಿಯೇ. ಜಪಾನೀ ಆಟಗಾರರು ಕೂಡ ಕೇಳಿದ್ದು ಆ ಇಂಗ್ಲಿಷನ್ನೇ. ಅವರಿಗೆ ಕೆಳಗೆ ಜಪಾನೀ ಅಕ್ಷರಗಳ ಆಸರೆಯಿತ್ತು. ಒಂದು ಭಾಷೆಯಲ್ಲಿ ಯೋಚಿಸಿದ ಮಾತನ್ನು ಇನ್ನೊಂದು ಭಾಷೆಯಲ್ಲಿ ಆಡಿಸುವಾಗ ಎಲ್ಲಿ ತಡೆಯಬೇಕು, ಎಲ್ಲಿ ಒತ್ತಬೇಕು ಎಂಬ ಹದ ತಪ್ಪುವುದು ಎಷ್ಟು ಸುಲಭ! ಬೀಗ ತೆಗೆಯುವ ಸಲಕರಣೆಯನ್ನು ಜಿಲ್‌ಗೆ ಕೊಡುವಾಗ ಬ್ಯಾರಿ ಆಕೆಯನ್ನು ಬೀಗ ತೆರೆಯುವ ಕಲೆಯ ಒಡತಿಯೆಂದು ಗಂಭೀರವಾಗಿ ಹೊಗಳುತ್ತಾನೆ. ಅಂತಹ ಮಾತನ್ನು ಯಾವ ಊರಿನ ಯಾರು ಆಡಿಯಾರು?

ಮರುವರ್ಷ, 1997ರಲ್ಲಿ, ಕೊನಾಮಿ ಸಂಸ್ಥೆಯ ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದಿ ನೈಟ್’ ಬಂದಿತು. ಅದರ ಆರಂಭದಲ್ಲಿಯೇ ಡ್ರಾಕುಲಾ ಪ್ರಭುವು ಮನುಷ್ಯನೆಂದರೇನು ಎಂಬ ದೊಡ್ಡ ಪ್ರಶ್ನೆಯೆತ್ತಿ, ಉತ್ತರವನ್ನೂ ತಾನೇ ಕೊಟ್ಟು, ಮದಿರೆಯ ಬಟ್ಟಲನ್ನು ನೆಲಕ್ಕೆ ಬಿಸುಡುತ್ತಾನೆ. ಆ ಅಬ್ಬರವೂ ನಗೆಗೆ ಗುರಿಯಾಯಿತು. ನಗುನಗುತ್ತಲೇ ಆ ಮಾತು ಆಟಗಾರರಿಗೆ ಬಾಯಿಪಾಠವಾಯಿತು.

ಕ್ರಮೇಣ ಸಂಸ್ಥೆಗಳು ದೋಷ ತಿದ್ದಲು ಹೊರಟವು. 2002ರಲ್ಲಿ ‘ರೆಸಿಡೆಂಟ್ ಈವಿಲ್’ ಹೊಸ ಚಿತ್ರ, ಹೊಸ ಧ್ವನಿ, ತಿದ್ದಿದ ಸಂಭಾಷಣೆಗಳೊಡನೆ ಮರುಹುಟ್ಟು ಪಡೆಯಿತು. 2007ರಲ್ಲಿ ಡ್ರಾಕುಲಾನೂ ಹೊಸ ಕಂಠದಲ್ಲಿ ಮಾತನಾಡಿದನು. ನಟನೆ ಸುಧಾರಿಸಿತ್ತು, ನಿಜ. ಆದರೂ ಹಳೆಯ ಆಟಗಾರರಲ್ಲಿ ಹಲವರಿಗೆ, ಬಾಲ್ಯದ ಗೆಳೆಯನೊಬ್ಬ ತೊದಲು ಬಿಟ್ಟು ಭಾಷಣ ಮಾಡತೊಡಗಿದಂತೆ ತೋರಿತು. ಅಕ್ಕತಮ್ಮಂದಿರು ದೂರದರ್ಶನದ ಮುಂದೆ ಒತ್ತೊತ್ತಾಗಿ ಕುಳಿತು ಅಣಕವಾಡಿದ ಧ್ವನಿ ಅದಾಗಿರಲಿಲ್ಲ.

ಕ್ಯಾಪ್‌ಕಾಮ್ ಇದನ್ನು ಅರಿತಂತೆ ಕಾಣುತ್ತದೆ. ಆಟದ ಹತ್ತನೆಯ ವರ್ಷ, 2006ರಲ್ಲಿ, ನಿಂಟೆಂಡೊ ಡಿ.ಎಸ್. ಯಂತ್ರಕ್ಕಾಗಿ ಹೊರತಂದ ಆವೃತ್ತಿಯಲ್ಲಿ ಹಳೆಯ ಧ್ವನಿಗಳನ್ನೇ ಉಳಿಸಿಕೊಂಡಿತು. ಅದೇ ವರ್ಷದ ‘ಡೆಡ್ ರೈಸಿಂಗ್’ ಎಂಬ ತನ್ನ ಇನ್ನೊಂದು ಆಟದ ಮಳಿಗೆಗಳ ನಡುವೆ ಜಿಲ್‌ಳ ಹೆಸರಿನ ಸ್ಯಾಂಡ್‌ವಿಚ್ ಅಂಗಡಿಯೊಂದನ್ನೂ ತೆರೆಯಿತು! ಎಡವಿದ ಕಲ್ಲಿಗೇ ಹೂವೇರಿಸಿದಂತಾಯಿತು.

ಇಂದು ಈ ಅಕ್ಕರೆಗೆ ಇನ್ನೊಂದು ಅರ್ಥವೂ ಕೂಡಿಕೊಂಡಿದೆ. ಮನುಷ್ಯರ ಕಂಠವನ್ನು ಯಂತ್ರವೇ ಅನುಕರಿಸಬಲ್ಲ ಕಾಲವಿದು. ತಮ್ಮ ಧ್ವನಿ ಹೀಗೆ ಕೈತಪ್ಪಿ ಹೋಗದಿರಲೆಂದು ಅಮೆರಿಕದ ನಟರ ಸಂಘವು 2024ರ ಜುಲೈನಲ್ಲಿ ವಿಡಿಯೋ ಆಟದ ಸಂಸ್ಥೆಗಳ ವಿರುದ್ಧ ಮುಷ್ಕರ ಹೂಡಿತು; 2025ರ ಜುಲೈನಲ್ಲಿ ಸದಸ್ಯರು ಹೊಸ ಒಪ್ಪಂದಕ್ಕೆ ಸಮ್ಮತಿಯಿತ್ತರು. ಯಂತ್ರವು ಉಚ್ಚಾರ ತಪ್ಪದಂತೆ ಮಾತನಾಡಬಹುದು. ಆದರೆ ಹಳೆಯ ಆಟದ ಆ ಕಂಠಗಳ ಹಿಂದೆ, ತನಗೆ ಕೊಟ್ಟ ಅಡ್ಡಾದಿಡ್ಡಿ ವಾಕ್ಯವನ್ನು ಹೇಗಾದರೂ ಮಾಡಿ ಗೆಲ್ಲಿಸಬೇಕೆಂದು ಹೆಣಗುತ್ತಿರುವ ಮನುಷ್ಯನೊಬ್ಬ ಸ್ಪಷ್ಟವಾಗಿ ಕೇಳಿಸುತ್ತಾನೆ. ಬೇಕೆಂದೇ ಕೆಟ್ಟದಾಗಿ ನಟಿಸಿದ್ದರೆ ನಗೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಮನಸಾರೆ ಯತ್ನಿಸಿ ತಪ್ಪಿದ್ದರಿಂದಲೇ ಅದು ಇಷ್ಟು ವರ್ಷ ಬಾಳಿದೆ.

ಚಾವಣಿ ಇಂದಿಗೂ ಕೆಳಗಿಳಿಯುತ್ತದೆ; ಬ್ಯಾರಿ ಇಂದಿಗೂ ಸಮಯಕ್ಕೆ ಸರಿಯಾಗಿ ಓಡಿಬರುತ್ತಾನೆ. ಅವನ ಬಾಯಿಂದ ಆ ಮಾತು ಹೊರಡುವ ಮುನ್ನವೇ, ನರೆಗೂದಲು ಇಣುಕುತ್ತಿರುವ ಅಂದಿನ ಹುಡುಗರು ಅದನ್ನು ಹೇಳಿ ಮುಗಿಸಿರುತ್ತಾರೆ.